ಗಡ್ಡದ ಹೆನ್ರಿ

ಸೈಲೀಷಿಯದ ಡ್ಯೂಕ್ ಒಂದನೆಯ ಹೆನ್ರಿ ಪೋಲೆಂಡಿನ ಪಿಯಾಸ್ಟ್ ವಂಶದವ. ಆಳ್ವಿಕೆ 1201-38. ಇವನ ಮುತ್ತಜ್ಜ ಮೂರನೆಯ ಬೋಲೆಸ್ಲಾವ್ 1138ರಲ್ಲಿ ಸಾಯುವಾಗ ರಾಜ್ಯವನ್ನು ಮಕ್ಕಳಿಗೆ ಹಂಚಿ, ಕ್ರಾಕೋ ಪಟ್ಟಣವೂ ಹಿರಿತನವೂ ಹಿರಿಯ ಮಗನಿಗಿರಲಿ ಎಂದು ವಿಧಿಸಿದ್ದ. ಆ ಏರ್ಪಾಡು ಬೇಗನೆ ದಾಯಾದಿ ಕಾಳಗಕ್ಕೆ ದಾರಿಯಾಯಿತು. ಒಡೆದ ನಾಡನ್ನು ಕೂಡಿಸಲು ಹೆಣಗಿದವರಲ್ಲಿ ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಹೆನ್ರಿಯಷ್ಟು ದೂರ ಸಾಗಿದವರು ಬೇರೆ ಇಲ್ಲ.

ಆರಂಭ ಶುಭವಾಗಿರಲಿಲ್ಲ. ತಂದೆ ತೀರಿಕೊಂಡ ಮರುವರ್ಷವೇ ಚಿಕ್ಕಪ್ಪ ಮಿಯೆಶ್ಕೊ ಸೈಲೀಷಿಯದ ಓಪೋಲೆ ಪ್ರಾಂತವನ್ನು ಕಿತ್ತುಕೊಂಡ. ಹೆನ್ರಿ ಉಳಿದ ನೆಲವನ್ನು ಬಲಪಡಿಸಿದ: ಜರ್ಮನ್ ಒಕ್ಕಲುಗಳನ್ನು ಕರೆಸಿದ, ಚಿನ್ನದ ಗಣಿಗಳ ಊರಾದ ಜ್ವೊಟೊರಿಯಕ್ಕೆ 1211ರಲ್ಲಿ ಮಾಗ್ಡೆಬುರ್ಗ್ ಪೌರಕಾನೂನನ್ನು ದಯಪಾಲಿಸಿದ. ಮುಂದಿನ ರಾಜಕಾರಣಕ್ಕೆ ಬಲ ಬಂದದ್ದು ಒಕ್ಕಲುಗಳಿಂದಲೂ ಗಣಿಗಳಿಂದಲೂ ದೊರೆತ ಆದಾಯದಿಂದ.

1227ರಲ್ಲಿ ಗೊನ್ಸಾವದಲ್ಲಿ ಸೇರಿದ್ದ ಡ್ಯೂಕ್‌ಗಳ ಮೇಲೆ ದಾಳಿ ನಡೆಯಿತು. ಕ್ರಾಕೋದ ಲೆಶೆಕ್ ಕೊಲೆಯಾದ. ಹೆನ್ರಿ ಗಾಯಗೊಂಡು ಬದುಕುಳಿದ. ಲೆಶೆಕನ ಮಗ ಇನ್ನೂ ಹಸುಗೂಸು. ಕ್ರಾಕೋಗಾಗಿ ನಡೆದ ಪೈಪೋಟಿಯಲ್ಲಿ 1229ರಲ್ಲಿ ಮಜೋವಿಯದ ಡ್ಯೂಕ್ ಕೊನ್ರಾಡ್ ಹೆನ್ರಿಯನ್ನು ಸೆರೆಹಿಡಿದ. ಪತ್ನಿ ಹೆಡ್ವಿಗ್ ತಾನೇ ಕೊನ್ರಾಡನ ಬಳಿಗೆ ಹೋಗಿ ಬಿಡುಗಡೆ ದೊರಕಿಸಿದಳು. ದಂಪತಿ 1209ರಲ್ಲೇ ಬ್ರಹ್ಮಚರ್ಯದ ವ್ರತ ತೊಟ್ಟಿದ್ದರು. ಹೆನ್ರಿ ಗಡ್ಡ ಬಿಟ್ಟದ್ದು ಆ ಬಳಿಕ ಎಂಬ ಪ್ರತೀತಿ ಇದೆ. ಟ್ಶೆಬ್ನಿತ್ಸದ ಸನ್ಯಾಸಿನಿ ಮಠ ಇವರಿಬ್ಬರ ಸ್ಥಾಪನೆ. ಮುಂದೆ 1267ರಲ್ಲಿ ಚರ್ಚು ಹೆಡ್ವಿಗಳನ್ನು ಸಂತಳೆಂದು ಘೋಷಿಸಿತು.

ಬಿಡುಗಡೆಗಾಗಿ ಕ್ರಾಕೋದ ಹಕ್ಕು ತೊರೆಯಬೇಕಾಗಿ ಬಂದರೂ ಹೆನ್ರಿ ಆಸೆ ಬಿಡಲಿಲ್ಲ. 1231ರಲ್ಲಿ ಹಿರಿಯ ಪೋಲೆಂಡ್ ಎಂಬ ಪ್ರಾಂತದ ಡ್ಯೂಕ್ ಮೂರನೆಯ ವ್ಲಾದಿಸ್ಲಾವ್ ತನ್ನ ಹಕ್ಕುಗಳನ್ನು ಇವನಿಗೆ ಬಿಟ್ಟು ತೀರಿಕೊಂಡ. ಮರುವರ್ಷ ಕ್ರಾಕೋ ಕೈಸೇರಿತು. ಬಾಲಕ ಒಡೆಯರ ಪೋಷಕನಾಗಿ ಓಪೋಲೆಯ ಆಡಳಿತವೂ ಸಾಂದೋಮಿಯೆಶ್‌ನ ಆಡಳಿತವೂ ಬಂದವು; 1234ರ ವೇಳೆಗೆ ಹಿರಿಯ ಪೋಲೆಂಡಿನ ಒಂದು ಭಾಗವೂ ಸೇರಿತು. ಯುದ್ಧಕ್ಕಿಂತ ಪೋಷಕತ್ವ, ಉತ್ತರಾಧಿಕಾರದ ಒಪ್ಪಂದ, ಮದುವೆಗಳೇ ಇವನ ನಿಜವಾದ ಆಯುಧ. ಮಗ ಎರಡನೆಯ ಹೆನ್ರಿಗೆ ಬೊಹೀಮಿಯದ ದೊರೆಮಗಳು ಆನಾಳನ್ನು ತಂದ. ಆ ಮಗನಿಗೆ ರಾಜಕಿರೀಟ ತೊಡಿಸುವ ಹಂಬಲ ತಂದೆಗಿತ್ತೆಂದು ಇತಿಹಾಸಕಾರರು ಭಾವಿಸುತ್ತಾರೆ. ಆದರೆ ಈ ಕೂಡುರಾಜ್ಯಕ್ಕೆ ಸಮಾನ ಆಡಳಿತವಿರಲಿಲ್ಲ. ಅದನ್ನು ಬೆಸೆದದ್ದು ಒಬ್ಬನ ಅಧಿಕಾರ ಮಾತ್ರ.

ಹೆನ್ರಿ 1238ರ ಮಾರ್ಚಿನಲ್ಲಿ ತೀರಿಕೊಂಡ; ಸಮಾಧಿ ಟ್ಶೆಬ್ನಿತ್ಸದಲ್ಲಿದೆ. 1241ರ ಏಪ್ರಿಲ್ 9ರಂದು ಲೆಗ್ನಿತ್ಸದ ಬಳಿ ಮಂಗೋಲರೊಡನೆ ಕಾದಾಡಿ ಮಗ ಮಡಿದ. ಕ್ರಾಕೋ ಕೈತಪ್ಪಿತು, ಮೊಮ್ಮಕ್ಕಳು ಸೈಲೀಷಿಯವನ್ನೂ ಹಂಚಿಕೊಂಡರು. 1295ರಲ್ಲಿ ಪೋಲೆಂಡಿನ ರಾಜನಾಗಿ ಕಿರೀಟ ಧರಿಸಿದ ಎರಡನೆಯ ಪ್ಶೆಮಿಸ್ವ್ ಹಿರಿಯ ಪೋಲೆಂಡಿನ ಶಾಖೆಯವ. ಅವನ ತಾಯಿ ಎಲಿಜಬೆತ್ ಗಡ್ಡದ ಹೆನ್ರಿಯ ಮೊಮ್ಮಗಳು.