ಎರಡು ಮುಕ್ಕಾಲು ಗಂಟೆಯ ದೂರ

2006ರಲ್ಲಿ ಕೆಲಸಕ್ಕೆಂದು ದೆಹಲಿಗೆ ಹೊರಟು ನಿಂತಾಗ ಅಪ್ಪಯ್ಯ ಕೇಳಿದ್ದು ಸಂಬಳ ಎಷ್ಟು ಅಂತಲ್ಲ. "ಏನಾದ್ರೂ ಆಯ್ತು ಅಂದ್ರೆ ಎಷ್ಟೊತ್ತಿಗೆ ಬಂದು ಮುಟ್ತೀಯ?" ಅಂತ. ರೈಲಿನ ಲೆಕ್ಕ ಅವರಿಗೆ ಗೊತ್ತಿತ್ತು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಇನ್ನೊಂದು ರಾತ್ರಿ. ನಾನು ಸಲೀಸಾಗಿ ಹೇಳಿಬಿಟ್ಟೆ: "ವಿಮಾನದಲ್ಲಿ ಎರಡು ಮುಕ್ಕಾಲು ಗಂಟೆ ಅಪ್ಪಯ್ಯ. ಬೆಂಗಳೂರಲ್ಲಿ ರಾತ್ರಿ ಬಸ್ಸು ಹತ್ತಿದ್ರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮನೇಲಿರ್ತೀನಿ." ಅವರು ಬೆರಳು ಮಡಚಿ ಏನೋ ಎಣಿಸಿ, ಹೂಂ ಅಂದರು.

ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಜನ ಇಂಥದ್ದೊಂದು ಮಾತು ಕೊಟ್ಟೇ ಬಂದಿದ್ದೇವೆ. ಮುಂಬೈಯಿಂದ ಮಂಗಳೂರಿಗೆ ಇಷ್ಟು ಗಂಟೆ, ಪುಣೆಯಿಂದ ಹುಬ್ಬಳ್ಳಿಗೆ ಇಷ್ಟು ಅಂತ. ನಮಗೆ ದೂರ ಅಂದರೆ ಕಿಲೋಮೀಟರ್ ಅಲ್ಲ, ಗಂಟೆ. ಈ ಅಳತೆ ನಮಗೆ ಬಂದದ್ದು ತೀರಾ ಈಚೆಗೆ. ಅದು ಒಮ್ಮೆ ಕೈತಪ್ಪಿ, ಮತ್ತೆ ಸಿಕ್ಕಿದೆ. ಮತ್ತೆ ಸಿಕ್ಕಿದ್ದು ಮೊದಲಿನದ್ದೇ ಹೌದೋ ಅಲ್ಲವೋ ಎಂದು ನೋಡುವುದಕ್ಕೆ ಈ ಬರಹ. ಲೆಕ್ಕಪತ್ರ ನೋಡುವುದು ನನ್ನ ಕಸುಬು, ಹಾಗಾಗಿ ಅಂಕಿಗಳು ತುಸು ಹೆಚ್ಚೇ ಬರುತ್ತವೆ. ಸಹಿಸಿಕೊಳ್ಳಿ.

*

ಸ್ವತಂತ್ರ ಭಾರತದಲ್ಲಿ ವಿಮಾನ ಬಹುಕಾಲ ಸರ್ಕಾರದ್ದು ಮತ್ತು ಸಾಹುಕಾರರದ್ದು. 1953ರಲ್ಲಿ ಖಾಸಗಿ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದ ಕಾನೂನು 1994ರಲ್ಲಿ ರದ್ದಾಯಿತು. ಆದರೂ ಟಿಕೆಟ್ ಮಧ್ಯಮ ವರ್ಗದ ಕೈಗೆ ಎಟುಕಲಿಲ್ಲ. ಅದನ್ನು ಎಟುಕಿಸಿದವರಲ್ಲಿ ಮೊದಲಿಗರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಸೈನ್ಯದಿಂದ ಬಂದು ಬೇಸಾಯ ಮಾಡುತ್ತಿದ್ದ ಅವರು 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಊಟ ಇಲ್ಲ, ಥಳುಕು ಇಲ್ಲ, ಟಿಕೆಟ್ ಅಗ್ಗ. ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ನಮ್ಮೂರಿನ ಸೊಸೈಟಿ ಕಟ್ಟೆಯವರೆಗೂ ಬಂದಿತ್ತು. ಏರ್ ಡೆಕ್ಕನ್ ಮುಂದೆ ಕಿಂಗ್‌ಫಿಶರ್ ಪಾಲಾಯಿತು, ಕಿಂಗ್‌ಫಿಶರ್ 2012ರಲ್ಲಿ ನಿಂತುಹೋಯಿತು. ಆದರೆ ಅಗ್ಗದ ಟಿಕೆಟ್ಟಿನ ದಾರಿಯಲ್ಲಿ ಬಂದ ಬೇರೆ ಕಂಪನಿಗಳು ಉಳಿದವು. ನಾನು ಅಪ್ಪಯ್ಯನಿಗೆ ಅಷ್ಟು ಧೈರ್ಯದಿಂದ ಮಾತು ಕೊಟ್ಟದ್ದು ಆ ದಾರಿಯ ಭರವಸೆಯಲ್ಲಿ.

2019ರಲ್ಲಿ ದೇಶದೊಳಗೆ ವಿಮಾನ ಹತ್ತಿದ ಪ್ರಯಾಣಿಕರು 14.41 ಕೋಟಿ. ಆ ವರ್ಷ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್‌ನಂಥ ದೊಡ್ಡ ಕಂಪನಿಯೇ ನಿಂತರೂ ಲೆಕ್ಕ ಇಳಿಯಲಿಲ್ಲ. ಇನ್ನು ಇದು ಏರುವುದೇ ಹೊರತು ಇಳಿಯುವುದಲ್ಲ ಎಂದು ಎಲ್ಲರೂ ನಂಬಿದ್ದ ಕಾಲ.

*

2020ರ ಮಾರ್ಚ್ 22ರಿಂದ ಹೊರದೇಶದ ವಿಮಾನಗಳು ನಿಂತವು. ಮಾರ್ಚ್ 24ರ ಮಧ್ಯರಾತ್ರಿ ಒಳನಾಡಿನವೂ ನಿಂತವು. ಮೇ ರಜೆಗೆಂದು ಫೆಬ್ರವರಿಯಲ್ಲೇ ನಾಲ್ಕು ಟಿಕೆಟ್ ತೆಗೆದಿಟ್ಟಿದ್ದೆ. ಅಷ್ಟರೊಳಗೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಏಪ್ರಿಲ್ ಎರಡನೇ ವಾರ, ಒಂದು ಬೆಳಗಿನ ಜಾವ, ಅಪ್ಪಯ್ಯ ಎದೆನೋವು ಅಂದರಂತೆ. ಕೊರೋನಾ ಅಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ನಾನು ಮ್ಯಾಪ್ ತೆಗೆದು ಕೂತೆ. ಕಾರಿನಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ದಾರಿಯಲ್ಲಿ ನಾಲ್ಕೈದು ರಾಜ್ಯಗಳ ಗಡಿ, ಪ್ರತಿ ಗಡಿಯಲ್ಲೂ ಪಾಸು. ಅಮ್ಮ ಫೋನಿನಲ್ಲಿ ಹೇಳಿದಳು: "ದಾರೀಲಿ ನಿಂಗೇನಾದ್ರೂ ಆದ್ರೆ ನಾ ಯಾರ್ ಹತ್ರ ಹೋಗ್ಲಿ ಮಾರಾಯ? ಬರ್ಬೇಡ." ಚಿಕ್ಕಪ್ಪನ ಮಗ ಮೊಬೈಲ್ ಎತ್ತಿ ಹಿಡಿದಿದ್ದ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಂದ ತೋಟದ ಕಡೆ ಹೊರಟ ಕೂಡಲೇ ಚಿತ್ರ ನಿಂತುಹೋಯಿತು. ನಾನು ಕಂಡದ್ದು ಅಷ್ಟೇ.

ಆ ತಿಂಗಳು ಲೋಕವೆಲ್ಲ ಹೀಗೇ ಇತ್ತು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 450 ಕೋಟಿ ಇದ್ದ ವಿಮಾನ ಪ್ರಯಾಣಿಕರ ಸಂಖ್ಯೆ 2020ರಲ್ಲಿ 180 ಕೋಟಿಗೆ ಕುಸಿಯಿತು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದನ್ನು 2003ರ ಮಟ್ಟಕ್ಕೆ ಮರಳಿದಂತೆ ಎಂದು ಲೆಕ್ಕ ಹಾಕಿತು. 2003 ಅಂದರೆ ಏರ್ ಡೆಕ್ಕನ್ ಹಾರಿದ ವರ್ಷ. ಅದೇ ಹೆಸರಿನಲ್ಲಿ 2017ರಲ್ಲಿ ಮತ್ತೆ ಶುರುವಾಗಿದ್ದ ಸಣ್ಣ ಕಂಪನಿ 2020ರ ಏಪ್ರಿಲ್‌ನಲ್ಲಿ ಕೆಲಸ ನಿಲ್ಲಿಸಿತು. ಆ ಸುದ್ದಿ ಓದಿದ್ದು ಅಪ್ಪಯ್ಯ ಹೋದ ತಿಂಗಳಲ್ಲೇ.

*

ಚೇತರಿಕೆಯ ಮೊದಲ ದಿನ 2020ರ ಮೇ 25. ಬೇಸಿಗೆ ವೇಳಾಪಟ್ಟಿಯ ಮೂರನೇ ಒಂದು ಭಾಗಕ್ಕೆ ಮಾತ್ರ ಅನುಮತಿ. ಆ ದಿನ 532 ವಿಮಾನಗಳಲ್ಲಿ 39,231 ಜನ ಹಾರಿದರು. ಹಿಂದೆಲ್ಲ ದಿನಕ್ಕೆ ನಾಲ್ಕು ಲಕ್ಷದ ಆಸುಪಾಸು ಇರುತ್ತಿತ್ತು. ಟಿಕೆಟ್ಟಿಗೆ ಸರ್ಕಾರವೇ ಕೆಳಗಿನ ಮತ್ತು ಮೇಲಿನ ಮಿತಿ ಹಾಕಿತು. ಹಾರಾಟದ ಅವಧಿಗೆ ತಕ್ಕಂತೆ ಏಳು ದರ್ಜೆ. ದೆಹಲಿ–ಮುಂಬೈಗೆ 3,500ಕ್ಕಿಂತ ಕಡಿಮೆ ಇಲ್ಲ, 10,000ಕ್ಕಿಂತ ಹೆಚ್ಚಿಲ್ಲ. ಆ ಮೊದಲ ದಿನವೇ ಐದು ವರ್ಷದ ಹುಡುಗನೊಬ್ಬ ಒಬ್ಬನೇ ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದ. ಮೂರು ತಿಂಗಳಿಂದ ಕಾಣದ ಅಮ್ಮ ಏರ್‌ಪೋರ್ಟಿನಲ್ಲಿ ಕಾಯುತ್ತಿದ್ದಳು. ಆ ಫೋಟೋ ನಿಮಗೂ ನೆನಪಿರಬಹುದು.

ನಾನು ಹಾರಿದ್ದು ಮೇ 27ರಂದು. ಬ್ಯಾಗಿನ ಚೀಟಿ ನಾನೇ ಪ್ರಿಂಟ್ ಹಾಕಿ ಅಂಟಿಸಿದ್ದು, ಮೊಬೈಲಿನಲ್ಲಿ ಆರೋಗ್ಯ ಸೇತು, ಸೇವಾ ಸಿಂಧುವಿನಲ್ಲಿ ನೋಂದಣಿ, ಮುಖಕ್ಕೆ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಶೀಲ್ಡು. ಊಟವಿಲ್ಲ, ಮಾತಿಲ್ಲ. ವಿಮಾನ ಬೆಂಗಳೂರು ಮುಟ್ಟಿದ್ದು ಎರಡು ಮುಕ್ಕಾಲು ಗಂಟೆಗೇ. ಆದರೆ ದೆಹಲಿ, ಮಹಾರಾಷ್ಟ್ರ, ತಮಿಳುನಾಡು ಸೇರಿ ಆರು ರಾಜ್ಯಗಳಿಂದ ಬಂದವರಿಗೆ ಕರ್ನಾಟಕದಲ್ಲಿ ಏಳು ದಿನ ಸರ್ಕಾರ ಹೇಳಿದ ಕಡೆ ಕ್ವಾರಂಟೈನ್, ಆಮೇಲೆ ಏಳು ದಿನ ಮನೆಯಲ್ಲಿ. ಮೆಜೆಸ್ಟಿಕ್ ಹತ್ತಿರದ ಹೋಟೆಲಿನ ಕೋಣೆಯಲ್ಲಿ ಏಳು ದಿನ ಕಳೆದೆ. ಊರು ಮುಟ್ಟಿದ ಮೇಲೆ ಜಗಲಿಯ ಪಕ್ಕದ ಕೋಣೆಯಲ್ಲಿ ಇನ್ನೇಳು ದಿನ. ಅಮ್ಮ ಕಾಫಿ ಲೋಟ ಹೊಸ್ತಿಲ ಮೇಲಿಟ್ಟು ದೂರ ಹೋಗಿ ನಿಲ್ಲುತ್ತಿದ್ದಳು. ಅಪ್ಪಯ್ಯ ತೀರಿಕೊಂಡು ಏಳು ವಾರಗಳಾಗಿದ್ದವು. ಅವಳ ಕೈ ಹಿಡಿಯಲು ಮತ್ತೆ ಏಳು ದಿನ ಕಾಯಬೇಕಾಯಿತು.

ನನ್ನದನ್ನು ದೊಡ್ಡ ಕಷ್ಟ ಅನ್ನುವ ಹಾಗಿಲ್ಲ. ಅದೇ ತಿಂಗಳು ಲಕ್ಷಾಂತರ ಕೂಲಿಕಾರರು ಹೆದ್ದಾರಿಗಳಲ್ಲಿ ನಡೆದೇ ಊರು ಸೇರುತ್ತಿದ್ದರು. ನಾನು ಹಾರಿದ ಮರುದಿನ, ಮೇ 28ರಂದು, ಮುಂಬೈಯಿಂದ ರಾಂಚಿಗೆ ಒಂದು ವಿಮಾನ ಹೋಯಿತು. ತುಂಬಿದ್ದವರು ಜಾರ್ಖಂಡಿನ ವಲಸೆ ಕಾರ್ಮಿಕರು. ದುಡ್ಡು ಸೇರಿಸಿದ್ದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಹಳೇ ವಿದ್ಯಾರ್ಥಿಗಳು. ಚೇತರಿಕೆಯ ಚರಿತ್ರೆ ಬರೆಯುವವರು ಈ ಹಾರಾಟವನ್ನು ಮರೆಯಬಾರದು. ನಾವೂ ವಲಸಿಗರೇ, ಅವರೂ ವಲಸಿಗರೇ. ಎರಡು ಮುಕ್ಕಾಲು ಗಂಟೆಯ ಅಳತೆ ಎಲ್ಲ ವಲಸಿಗರದ್ದೂ ಆಗಿರಲಿಲ್ಲ.

*

ಮುಂದಿನ ಎರಡು ವರ್ಷ ಏರಿಳಿತದ ಕಾಲ. ಅನುಮತಿಯ ಮಿತಿ 33ರಿಂದ 45ಕ್ಕೆ, 60ಕ್ಕೆ, 2020ರ ಡಿಸೆಂಬರಿನಲ್ಲಿ ಶೇಕಡ 80ಕ್ಕೆ ಏರಿತು. 2021ರ ಮಾರ್ಚಿನಲ್ಲಿ 78 ಲಕ್ಷ ಜನ ಹಾರಿದರು. ಎರಡನೇ ಅಲೆ ಬಂದು ಮೇ ತಿಂಗಳಲ್ಲಿ ಅದು 21 ಲಕ್ಷಕ್ಕೆ ಬಿತ್ತು. ಮಿತಿಯೂ ಮತ್ತೆ 50ಕ್ಕೆ ಇಳಿಯಿತು. ಪೂರ್ತಿ ತೆರೆದದ್ದು 2021ರ ಅಕ್ಟೋಬರ್ 18ರಂದು. ಹೊರದೇಶದ ನಿಯಮಿತ ಹಾರಾಟಕ್ಕೆ 2022ರ ಮಾರ್ಚ್ 27ರವರೆಗೆ, ಅಂದರೆ ಎರಡು ವರ್ಷ, ಕಾಯಬೇಕಾಯಿತು. 2022ರ ಆಗಸ್ಟ್ 31ಕ್ಕೆ ಟಿಕೆಟ್ ದರದ ಮಿತಿ ಹೋಯಿತು, ನವೆಂಬರಿನಲ್ಲಿ ಮಾಸ್ಕಿನ ಕಡ್ಡಾಯವೂ ಹೋಯಿತು.

ನನ್ನ ಮೇ ರಜೆಯ ನಾಲ್ಕು ಟಿಕೆಟ್ಟುಗಳ ದುಡ್ಡನ್ನು ಕಂಪನಿ ವಾಪಸ್ ಕೊಡಲಿಲ್ಲ, ನಮ್ಮಲ್ಲೇ ಜಮಾ ಇದೆ, ಮುಂದೆ ಹಾರುವಾಗ ಬಳಸಿಕೊಳ್ಳಿ ಎಂದಿತು. ಲಕ್ಷಾಂತರ ಜನರ ಪಾಡು ಇದೇ. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್ 1ರ ತೀರ್ಪು ಹಣ ಹಿಂದಿರುಗಿಸಲು ಹೇಳಿತು. ಕಷ್ಟದಲ್ಲಿರುವ ಕಂಪನಿಗಳು 2021ರ ಮಾರ್ಚ್ 31ರವರೆಗೆ ಜಮೆಯ ರೂಪದಲ್ಲಿ ಇಟ್ಟುಕೊಳ್ಳಬಹುದು, ಆದರೆ ತಿಂಗಳು ತಿಂಗಳು ಅದರ ಬೆಲೆ ಏರಿಸಬೇಕು ಎಂದಿತು. ನನ್ನ ದುಡ್ಡು ಬಂದದ್ದು 2021ರ ಏಪ್ರಿಲ್‌ನಲ್ಲಿ. ಅಪ್ಪಯ್ಯನ ವರ್ಷಾಂತಿಕ ಮುಗಿದಿತ್ತು.

ಲೆಕ್ಕಪುಸ್ತಕದ ಪ್ರಕಾರ ಎಲ್ಲ ಸರಿಹೋಯಿತು. ಒಳನಾಡಿನ ಪ್ರಯಾಣಿಕರು 2020ರಲ್ಲಿ 6.30 ಕೋಟಿ, 2021ರಲ್ಲಿ 8.38 ಕೋಟಿ, 2022ರಲ್ಲಿ 12.32 ಕೋಟಿ, 2023ರಲ್ಲಿ 15.20 ಕೋಟಿ. ಅಲ್ಲಿಗೆ 2019ನ್ನು ದಾಟಿದೆವು. 2024ರಲ್ಲಿ 16.13 ಕೋಟಿ, ಆ ವರ್ಷ ನವೆಂಬರ್ 17ರಂದು ಒಂದೇ ದಿನದ ಲೆಕ್ಕ ಮೊದಲ ಬಾರಿಗೆ ಐದು ಲಕ್ಷ ದಾಟಿತು. ಇಷ್ಟು ಬೇಗ ಚೇತರಿಸಿಕೊಳ್ಳಲು ಕಾರಣವೂ ಸರಳ. ನಮ್ಮದು ದೊಡ್ಡ ದೇಶ, ಒಳನಾಡಿನ ಹಾರಾಟಕ್ಕೆ ಬೇರೆ ದೇಶದ ಅಪ್ಪಣೆ ಬೇಡ. ಮೇಲಾಗಿ ಊರೊಂದು ಕಡೆ, ಅನ್ನ ಇನ್ನೊಂದು ಕಡೆ ಇರುವ ನಮ್ಮಂಥವರು ಹೋಗಿಬರದೇ ಇರಲಾರೆವು.

ಆದರೆ ಕೆಳಗಿನ ಮೊತ್ತ ಹೊಂದಿದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅನ್ನಲಾಗದು, ಒಳಗಿನ ಕಲಮುಗಳನ್ನೂ ನೋಡಬೇಕು. 2022ರಲ್ಲಿ ಯುಕ್ರೇನ್ ಯುದ್ಧದಿಂದ ಇಂಧನ ದುಬಾರಿಯಾಗಿ, ಜೂನಿನಲ್ಲಿ ದೆಹಲಿಯ ದರ ಕಿಲೋಲೀಟರಿಗೆ 1.4 ಲಕ್ಷ ರೂಪಾಯಿ ದಾಟಿತು. ಎಂಜಿನ್ ಸಿಗದೆ ವಿಮಾನಗಳು ನಿಂತಲ್ಲೇ ನಿಂತವು. ಆ ಕಾರಣ ಕೊಟ್ಟೇ ಗೋ ಫಸ್ಟ್ 2023ರ ಮೇ 3ರಂದು ಹಾರಾಟ ನಿಲ್ಲಿಸಿತು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಕೈಗೆ ಬಂತು. ಅದೇ ಆಗಸ್ಟಿನಲ್ಲಿ ಆಕಾಸಾ ಎಂಬ ಹೊಸ ಕಂಪನಿಯೂ ಬಂತು, ನಿಜ. ಆದರೂ 2024ರ ಹೊತ್ತಿಗೆ ಒಳನಾಡಿನ ಹತ್ತು ಪ್ರಯಾಣಿಕರಲ್ಲಿ ಒಂಬತ್ತು ಜನ ಹತ್ತುತ್ತಿದ್ದದ್ದು ಇಂಡಿಗೋ ಇಲ್ಲವೇ ಏರ್ ಇಂಡಿಯಾ ಬಳಗದ ವಿಮಾನವನ್ನು. ಇದರ ಅರ್ಥವೇನೆಂದು 2025ರ ಡಿಸೆಂಬರ್ ಮೊದಲ ವಾರ ಗೊತ್ತಾಯಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧವಾಗಿರದ ಇಂಡಿಗೋ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದು ಮಾಡಿತು. ದೇಶವೇ ಏರ್‌ಪೋರ್ಟುಗಳಲ್ಲಿ ಕುಳಿತಿತು. ಸರ್ಕಾರ ಮತ್ತೆ ಟಿಕೆಟ್ಟಿಗೆ ಮಿತಿ ಹಾಕಬೇಕಾಯಿತು. ಈ ಸಲ ವೈರಸ್ ಬೇಕಾಗಿರಲಿಲ್ಲ.

*

ನಮ್ಮ ಶಿವಮೊಗ್ಗಕ್ಕೂ ವಿಮಾನ ಬಂತು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಇಳಿಯಿತು. ನಿಲ್ದಾಣಕ್ಕೆ ಕುವೆಂಪು ಅವರ ಹೆಸರು.

ಆ ಡಿಸೆಂಬರಿನಲ್ಲಿ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಬರಲು ಅಲ್ಲಿಂದಲೇ ಹೊರಟೆವು. ಅವಳಿಗೆ ಅದೇ ಮೊದಲ ವಿಮಾನ. ಕಿಟಕಿಯ ಪಕ್ಕ ಕೂರಿಸಿದೆ. ಬೆಲ್ಟು ಹಾಕಿಸಿಕೊಂಡು, ಸೆರಗು ಸರಿಮಾಡಿಕೊಂಡು, ಕೆಳಗೆ ಅಡಿಕೆ ತೋಟಗಳು ಸಣ್ಣದಾಗುವುದನ್ನು ನೋಡುತ್ತಿದ್ದವಳು ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಇದು ಆಗ್ಲೇ ಇದ್ದಿದ್ರೆ ನೀನು ಬಂದಿರ್ತಿದ್ದೆ, ಅಲ್ದಾ?"

ಹೌದು ಅನ್ನಬಹುದಿತ್ತು. ಅವಳಿಗೆ ಅಷ್ಟೇ ಬೇಕಿತ್ತು. ಆದರೆ ಅಪ್ಪಯ್ಯನಿಗೆ ಒಮ್ಮೆ ಸಲೀಸಾಗಿ ಉತ್ತರ ಕೊಟ್ಟು ಕೆಟ್ಟವನು ನಾನು. "ಇಲ್ಲಮ್ಮ," ಅಂದೆ. "ಆಗ ಇದ್ದಿದ್ರೆ ಇದೂ ಮುಚ್ಚಿರ್ತಿತ್ತು."

ಅವಳು ಏನೂ ಹೇಳಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು ಕಿಟಕಿಯ ಕಡೆಗೇ ತಿರುಗಿದಳು.

ಈಗ ನನ್ನ ಮಗಳು ಹೊರದೇಶದಲ್ಲಿ ಓದುವ ಮಾತಾಡುತ್ತಿದ್ದಾಳೆ. ಎಷ್ಟು ಗಂಟೆಯ ಹಾರಾಟ ಅಂತ ಅವಳೇ ಲೆಕ್ಕ ಹೇಳುತ್ತಾಳೆ. ಹೋಗು ಅಂದಿದ್ದೇನೆ. ಎಷ್ಟೊತ್ತಿಗೆ ಬಂದು ಮುಟ್ಟುತ್ತೀಯ ಅಂತ ಮಾತ್ರ ನಾನು ಕೇಳಿಲ್ಲ.