ನಗರದಂಚಿನ ಅಂಗಳದಿಂದ ನಕ್ಷತ್ರವೀಕ್ಷಣೆ

ಬೀದಿದೀಪಗಳ ಬೆಳಕು ಗಾಳಿಯಲ್ಲಿ ಚದುರಿ ಆಗಸವನ್ನು ಮಸುಕಾಗಿಸುವ ಬಡಾವಣೆಗಳಲ್ಲಿ ಹವ್ಯಾಸಿಗಳು ಅಂಗಳ, ತಾರಸಿಗಳಿಂದ ನಡೆಸುವ ಆಕಾಶವೀಕ್ಷಣೆ. ಅಮೆರಿಕದ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ, ಆಗಸದ ಕತ್ತಲೆಯನ್ನು ಅಳೆಯುವ 9 ದರ್ಜೆಗಳ ಮಾಪಕದಲ್ಲಿ ಇಂಥ ಆಗಸ ಸಾಮಾನ್ಯವಾಗಿ 5ರಿಂದ 7ರೊಳಗೆ ಬರುತ್ತದೆ. ಗೆಲಾಕ್ಸಿಗಳಂಥ ಹರಡಿದ ಮಂದ ಕಾಯಗಳಿಗೇ ಪೆಟ್ಟು ಹೆಚ್ಚು. ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಅಷ್ಟು ಬಾಧೆಯಿಲ್ಲ: ದೂರದರ್ಶಕದಲ್ಲಿ ವರ್ಧನೆ ಹೆಚ್ಚಿಸಿದಂತೆ ಹಿನ್ನೆಲೆ ಕಪ್ಪಾಗುತ್ತದೆ, ಬಿಂದುವಿನಂಥ ನಕ್ಷತ್ರ ಎದ್ದು ಕಾಣುತ್ತದೆ. ಮದುವೆಯಲ್ಲಿ ತೋರಿಸುವ ಅರುಂಧತಿಯ ಪಕ್ಕದ ವಸಿಷ್ಠ ಸಣ್ಣ ದೂರದರ್ಶಕದಲ್ಲಿ ತಾನೇ ಎರಡಾಗಿ ಬಿಡಿಸಿಕೊಳ್ಳುವುದು ಇಲ್ಲಿಂದ ಸಿಗುವ ಅತಿ ಸೊಗಸಾದ ನೋಟಗಳಲ್ಲೊಂದು. ಓರಿಯನ್ ನೀಹಾರಿಕೆ, ಕೃತ್ತಿಕಾ ಗುಚ್ಛ ಬೈನಾಕ್ಯುಲರಿಗೂ ದಕ್ಕುತ್ತವೆ. ಕಣ್ಣು ಕತ್ತಲಿಗೆ ಹೊಂದಲು ಸುಮಾರು 30 ನಿಮಿಷ ಬೇಕು; ನೇರ ಬೆಳಕು ಬಿದ್ದರೆ ಆ ಹೊಂದಿಕೆ ಕೆಡುತ್ತದೆ. ಹಾಗಾಗಿ ದೊಡ್ಡ ಉಪಕರಣ ಕೊಳ್ಳುವ ಮೊದಲು ನೆರೆಯ ದೀಪ ನೇರ ಬೀಳದ ಮೂಲೆ ಹುಡುಕಬೇಕು.