ಮನೆ ನಮ್ಮದು, ನೆಲ ಅವರದು

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲಿ ಒಂದು ಸಂಗತಿ ಹೇಳಿದ. ಅಲ್ಲಿ ಕೆಲವರು ಸಾಗಿಸಬಹುದಾದ ಮನೆಯನ್ನು ಕೊಂಡು, ಮತ್ತೊಬ್ಬರ ಜಾಗದಲ್ಲಿರಿಸಿ, ನೆಲಕ್ಕಷ್ಟೇ ಬಾಡಿಗೆ ಕೊಡುತ್ತಾರಂತೆ. ಬಾಡಿಗೆ ಬಾಕಿ ಉಳಿದರೆ ಮನೆ ಸ್ವಂತದ್ದಾದರೂ ಜಾಗ ಬಿಡಬೇಕಂತೆ. "ನಮ್ಮ ಕಡೆ ಇಂಥಾದ್ದು ಇಲ್ಲ ಬಿಡ್ರಿ ಮಾಮಾ" ಎಂದ. ಇತ್ತು. ನಾನೇ ಕಂಡಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಓಡಾಡಿದವರಿಗೆ ಲಂಬಾಣಿ ತಾಂಡಾಗಳು ಹೊಸವಲ್ಲ. ಅವರ ಹಿರಿಯರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಂಡುಗಳ ಹಿಂದೆ, ಸಂತೆಯಿಂದ ಸಂತೆಗೆ ನಡೆದವರು. ಗಾಡಿರಸ್ತೆಗಳಾದವು, 1884ರಲ್ಲಿ ಹೋಟಗಿ–ಗದಗ ರೈಲು ವಿಜಾಪುರದ ಮೇಲೆ ಹಾಯ್ದಿತು. ಹೇರಿನೆತ್ತಿನ ವ್ಯಾಪಾರ ಕುಸಿಯಿತು. ಅಲೆದವರು ಊರ ಹೊರಗಿನ ಕಲ್ಲುನೆಲದಲ್ಲಿ ನಿಂತರು, ಕೂಲಿಗಿಳಿದರು. ಆದರೆ ಆ ನೆಲಕ್ಕೆ ಸರ್ವೆ ನಂಬರೊಂದು ಆಗಲೇ ಇತ್ತು, ಅದರ ಮುಂದೆ ಬೇರೊಬ್ಬರ ಹೆಸರೂ ಇತ್ತು. ಕಣ್ಣಿಗೆ ತಾಂಡಾ, ಉತಾರದಲ್ಲಿ ಹೊಲ.

1952ರಲ್ಲಿ ನಾನು ಸಿಂದಗಿ ತಾಲೂಕಿನ ಹಳ್ಳಿಯೊಂದರಲ್ಲಿ ಮೂರನೆಯ ಇಯತ್ತೆಯಲ್ಲಿದ್ದೆ. ನನ್ನ ಪಕ್ಕ ಕೂಡುತ್ತಿದ್ದ ಹುಡುಗನದು ಊರಾಚೆಯ ಆರು ಗುಡಿಸಲುಗಳಲ್ಲೊಂದು. ಗುಡಿಸಲು ಕಟ್ಟಿದವನು ಅವನ ಅಜ್ಜ; ಜಾಗ ಹೊಲದ ಧಣಿಯದು. ಜಾಗಕ್ಕೆಂದು ವರ್ಷಕ್ಕೊಂದು ಚೀಲ ಜೋಳ, ಜೊತೆಗೆ ಸುಗ್ಗಿಯಲ್ಲಿ ಬಿಟ್ಟಿ ದುಡಿತ. ಎರಡು ವರ್ಷ ಮಳೆ ಕೈಕೊಟ್ಟಿತು, ಜೋಳ ಬಾಕಿ ಬಿತ್ತು. ಯುಗಾದಿ ಪಾಡ್ಯದೊಳಗೆ ಜಾಗ ಖಾಲಿ ಮಾಡಬೇಕೆಂದು ಧಣಿಯಿಂದ ಕಾಗದ ಬಂತು. ಹುಡುಗನ ತಂದೆ ಅದನ್ನು ನಮ್ಮ ಮನೆಗೆ ತಂದ. ಓದಿ ಹೇಳಿದವರು ನಮ್ಮ ತಂದೆಯವರು.

"ಮನಿ ನಮ್ದೈತ್ರಿ ಅಪ್ಪಾರ" ಎಂದ ಆತ. "ನೆಲ ಅವರದೈತಲ್ಲೋ ತಮ್ಮಾ" ಎಂದರು ತಂದೆಯವರು. ಮಾತು ಅಷ್ಟಕ್ಕೇ ನಿಂತಿತು. ಪಾಡ್ಯಕ್ಕೆ ಮೊದಲೇ ಅವರು ತೊಲೆ, ಬಾಗಿಲು, ಗಳ ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿದರು. ಮಾಸ್ತರರು ಎಷ್ಟೋ ದಿನ ಹಾಜರಿಯಲ್ಲಿ ಆ ಹುಡುಗನ ಹೆಸರು ಕೂಗುತ್ತಲೇ ಇದ್ದರು.

ಕಾಯ್ದೆ ಆಗ ಏನು ಹೇಳುತ್ತಿತ್ತು ಎಂಬುದನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಅಲ್ಲಿನ 1948ರ ಕುಳ ಕಾಯ್ದೆಯ 16ನೆಯ ಕಲಮಿನ ಪ್ರಕಾರ, ಹಳ್ಳಿಯಲ್ಲಿ ಒಡೆಯನ ಜಾಗದಲ್ಲಿ ವಾಸವಾಗಿರುವ ಕುಳವನ್ನು ಬಾಡಿಗೆ ಬಾಕಿಯೊಂದನ್ನೇ ತೋರಿಸಿ ಮನೆಯಿಂದ ಎಬ್ಬಿಸುವಂತಿರಲಿಲ್ಲ. ಆ ಮನೆಯನ್ನು ಕುಳನಾಗಲಿ ಅವನ ಹಿಂದಿನವರಾಗಲಿ ತಮ್ಮ ಖರ್ಚಿನಿಂದ ಕಟ್ಟಿಲ್ಲವೆಂದು ಒಡೆಯನೇ ಸಾಬೀತುಪಡಿಸಬೇಕಿತ್ತು. 18ನೆಯ ಕಲಮು ಈ ರಕ್ಷಣೆಯನ್ನು ಕೃಷಿಕೂಲಿಕಾರರಿಗೂ ಕುಶಲಕರ್ಮಿಗಳಿಗೂ ವಿಸ್ತರಿಸಿತ್ತು. ಅಂದರೆ ಅಜ್ಜ ಕಟ್ಟಿದ ಆ ಗುಡಿಸಲನ್ನು ಬಿಚ್ಚಬೇಕಾಗಿಯೇ ಇರಲಿಲ್ಲ. ಕಾಗದ ಓದಬಲ್ಲವರು ಊರಿನಲ್ಲಿ ನಾಲ್ಕೈದು ಜನರಿದ್ದರು. ಕಾಯ್ದೆ ಬಲ್ಲವರು ಒಬ್ಬರೂ ಇರಲಿಲ್ಲ. ತಂದೆಯವರಿಗೆ ಇದನ್ನು ಹೇಳೋಣವೆಂದರೆ ಅವರು ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು.

ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿಯ ಜಮೀನುಗಳೆಲ್ಲ ಸರಕಾರಕ್ಕೆ ಸೇರಿದವು, ಉಳುವವರು ಅರ್ಜಿ ಹಾಕಿ ಒಡೆಯರಾದರು. ಪರರ ನೆಲದಲ್ಲಿ ಮನೆ ಕಟ್ಟಿಕೊಂಡ ಕೃಷಿಕೂಲಿಕಾರರಿಗೂ ಅದೇ ಭೂ ಸುಧಾರಣಾ ಕಾಯ್ದೆಯ 38ನೆಯ ಕಲಮಿನಲ್ಲಿ ದಾರಿಯಿತ್ತು. ಆದರೂ ಎಷ್ಟೋ ತಾಂಡಾಗಳು ದಾಖಲೆಯ ಹೊರಗೇ ಉಳಿದವು. 2017ರಲ್ಲಿ ಖಾಸಗಿ ಜಮೀನಿನಲ್ಲಿರುವ ತಾಂಡಾ, ಹಟ್ಟಿ, ದೊಡ್ಡಿಗಳ ಹೆಸರು ಹಿಡಿದೇ 38-ಎ ಕಲಮು ಸೇರಿತು. 2023ರ ಜನವರಿ 19ರಂದು ಮಳಖೇಡದಲ್ಲಿ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಅದಕ್ಕೂ ಮೊದಲು 1,475ರಷ್ಟು ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿದ್ದರು.

ಮುದ್ದೇಬಿಹಾಳದ ಕಡೆಯ ಶಿಷ್ಯನೊಬ್ಬ ತಾಯಿಯ ಹಕ್ಕುಪತ್ರ ಹಿಡಿದು ಮನೆಗೆ ಬಂದಿದ್ದ. ನಾನು ಕನ್ನಡಕ ಹಾಕಿಕೊಂಡು ಅದನ್ನು ಎರಡೆರಡು ಸಲ ಓದಿದೆ. "ಅಷ್ಟ್ಯಾಕ ನೋಡ್ತೀರಿ ಸರ್, ಖರೇನ ಐತಿ" ಎಂದು ನಕ್ಕ.

ಸಿಂದಗಿ ಕಡೆಯಿಂದ 1952ರ ಸುಮಾರಿಗೆ ಆರು ಗುಡಿಸಲು ಕಿತ್ತುಕೊಂಡು ಬಂದವರ ಮಾತನ್ನು ನಿಮ್ಮ ಊರಿನ ಹಿರಿಯರು ಯಾರಾದರೂ ಆಡಿದ್ದರೆ, ದಯವಿಟ್ಟು ನನಗೆ ತಿಳಿಸಿರಿ.